ಗಿಡ ಯಾಕೆ ಒಣಗಿತು? ಔಷಧಿಗೆ ಮೊದಲು ಬೇರು ನೋಡಿ

ಮುಳಬಾಗಿಲಾಗಲಿ, ಶ್ರೀನಿವಾಸಪುರವಾಗಲಿ, ಬೆಳಗ್ಗೆ ಗೊಬ್ಬರದ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ನಿಂತು ನೋಡಿ. ಬೈಕ್ ನಿಲ್ಲಿಸಿ ಇಳಿಯುವವರ ಜೇಬಿನಲ್ಲೋ ಪ್ಲಾಸ್ಟಿಕ್ ಕವರಿನಲ್ಲೋ ನಾಲ್ಕಾರು ಟೊಮೆಟೊ ಎಲೆಗಳಿರುತ್ತವೆ. ‘ಅಣ್ಣಾ, ಗಿಡ ಒಣಗ್ತಾ ಐತೆ, ಏನಾದ್ರೂ ಕೊಡಿ’ ಎಂಬ ಮಾತು. ಅಂಗಡಿಯವರು ಎಲೆಯನ್ನು ಒಮ್ಮೆ ಮಗುಚಿ ನೋಡಿ, ಹುಳುವಿಗೊಂದು, ರೋಗಕ್ಕೊಂದು, ಜತೆಗೊಂದು ಟಾನಿಕ್ ಎತ್ತಿ ಮುಂದಿಡುತ್ತಾರೆ. ಮೂರರಲ್ಲಿ ಒಂದಾದರೂ ತಾಗೀತು ಎಂಬ ಲೆಕ್ಕ. ಅವರನ್ನು ದೂರಿ ಪ್ರಯೋಜನವಿಲ್ಲ. ಬಾಡಿದ ಎಲೆಯೊಂದನ್ನು ಕೈಗಿತ್ತು ಗಿಡ ಸಾಯುತ್ತಿರುವ ಕಾರಣ ಕೇಳಿದರೆ ವಿಜ್ಞಾನಿಯೂ ಹೇಳಲಾರ. ನೀರು ಸಾಲದ ಗಿಡ, ಬೇರು ಕೊಳೆತ ಗಿಡ, ಬೇರಿಗೆ ಜಂತುಹುಳು ಹತ್ತಿದ ಗಿಡ, ಬ್ಯಾಕ್ಟೀರಿಯಾ ಹೊಕ್ಕ ಗಿಡ, ಈ ನಾಲ್ಕರ ಎಲೆಯೂ ಬಾಡುವಾಗ ಹೆಚ್ಚು ಕಡಿಮೆ ಒಂದೇ ಥರ ಬಾಡುತ್ತದೆ.

ಕೋಲಾರ ಜಿಲ್ಲೆಯಲ್ಲಿ ಈ ತಪ್ಪಿನ ಬೆಲೆ ದೊಡ್ಡದು. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೆರೆಗಳಿಗೆ ಬರುತ್ತಿರುವ ಬೆಂಗಳೂರಿನ ಸಂಸ್ಕರಿತ ನೀರು, ಇವನ್ನು ನಂಬಿಯೇ ಟೊಮೆಟೊ, ಕೋಸು, ಬೀನ್ಸ್, ಆಲೂಗಡ್ಡೆ, ದಪ್ಪ ಮೆಣಸಿನಕಾಯಿ ಬೆಳೆಯುತ್ತೇವೆ. ಸಸಿ, ಡ್ರಿಪ್, ಮಲ್ಚಿಂಗ್ ಶೀಟು, ನೀಲಗಿರಿ ಕೋಲು, ದಾರ, ಆಳು ಎಂದು ದುಡ್ಡು ಸುರಿದ ಮೇಲೆ ಗಿಡ ಕೈಕೊಟ್ಟರೆ ಉಳಿಯುವುದು ಸಾಲ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ. ಆ ಬೆಲೆಗೆ ಒಂದು ಕಾರಣ, ಬಿಳಿನೊಣ ಮತ್ತು ಎಲೆ ಮುಟುರು ರೋಗ ತೋಟಗಳನ್ನು ಬರಿದು ಮಾಡಿದ್ದು. ಬೆಲೆ ಬಂದಾಗ ಬೆಳೆ ಇರಲಿಲ್ಲ.

ಇಲ್ಲಿ ಹೇಳುವುದು ಎಕರೆಗಟ್ಟಲೆ ಬೆಳೆಯುವವರಿಗೂ ಸರಿ, ಮಾಲೂರಿನ ಸೈಟಿನ ಹಿತ್ತಲಲ್ಲಿ ಹತ್ತು ಬದನೆ ಗಿಡ ಇಟ್ಟುಕೊಂಡವರಿಗೂ ಸರಿ. ಬೇಕಾಗುವ ಸಾಮಾನು ಕಡಿಮೆ: ಹರಿತವಾದ ಚಾಕು, ಗಾಜಿನ ಲೋಟ, ಬಿಳಿ ಕಾಗದ, ಗುದ್ದಲಿ. ಸಿಕ್ಕರೆ ಒಂದು ಭೂತಗನ್ನಡಿ.

ಮೊದಲು ತೋಟ, ಆಮೇಲೆ ಗಿಡ

ಕಾಯಿಲೆ ಬಿದ್ದ ಗಿಡದ ಹತ್ತಿರ ನೇರವಾಗಿ ಹೋಗಬೇಡಿ. ಬದುವಿನ ಮೇಲೆ ನಿಂತು ಇಡೀ ತೋಟ ನೋಡಿ. ಬಾಡಿದ ಗಿಡಗಳು ಎಲ್ಲಿವೆ?

ಅಲ್ಲೊಂದು ಇಲ್ಲೊಂದು ಗಿಡ ಬಾಡಿ, ದಿನ ಕಳೆದಂತೆ ಪಕ್ಕದ ಗಿಡಕ್ಕೆ ದಾಟುತ್ತಿದ್ದರೆ ಅದು ಜೀವವಿರುವ ಶತ್ರು, ಎಂದರೆ ರೋಗ ಅಥವಾ ಹುಳು. ಒಂದೇ ಸಾಲಿನಲ್ಲಿ ಮೊದಲ ಗಿಡದಿಂದ ಕೊನೆಯ ಗಿಡದವರೆಗೆ ಒಂದೇ ದಿನ ಬಾಡಿದ್ದರೆ ಡ್ರಿಪ್ ಲೈನು ನೋಡಿ. ನಮ್ಮ ಗಡಸು ನೀರಿನ ಉಪ್ಪು ಕಟ್ಟಿ ತೂತು ಮುಚ್ಚಿಕೊಳ್ಳುವುದು ಇಲ್ಲಿ ನಿತ್ಯದ ಮಾತು. ತಗ್ಗಿನಲ್ಲಿ, ನೀರು ನಿಲ್ಲುವ ಮೂಲೆಯಲ್ಲಿ ಶುರುವಾಗಿದ್ದರೆ ಬೇರು ಕೊಳೆಯುವ ಶಿಲೀಂಧ್ರವೋ ಬ್ಯಾಕ್ಟೀರಿಯಾವೋ ಇರಬಹುದು. ಬದುವಿಗೆ ಅಂಟಿಕೊಂಡ ಎರಡು ಮೂರು ಸಾಲಿನಲ್ಲಿ ಶುರುವಾಗಿದ್ದರೆ ಪಕ್ಕದ ಹೊಲದಿಂದ ಬಂದದ್ದು: ಬಿಳಿನೊಣ, ನುಸಿ, ಇಲ್ಲವೇ ಗಾಳಿಯಲ್ಲಿ ತೂರಿಬಂದ ಕಳೆನಾಶಕ. ಇಡೀ ತೋಟ ಒಂದೇ ಹದದಲ್ಲಿ ಹಳದಿಯಾಗಿದ್ದರೆ ರೋಗವೆಂದು ಹೆದರುವ ಮುನ್ನ ಗೊಬ್ಬರ, ನೀರುಗಳ ಲೆಕ್ಕ ನೋಡಿ. ರೋಗ ಅಷ್ಟು ಸಮನಾಗಿ ಹಂಚಿಕೊಂಡು ಬರುವುದಿಲ್ಲ.

ಎರಡನೆಯದು ಹೊತ್ತು. ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿ ಬಾಡಿ ಸಂಜೆಗೆ ಚೇತರಿಸಿಕೊಳ್ಳುವ ಗಿಡಕ್ಕೆ ನೀರು ಸಾಲದೆ ಇರಬಹುದು, ಬೇರಿನ ತೊಂದರೆ ಆಗಷ್ಟೇ ಶುರುವಾಗಿರಲೂಬಹುದು. ಮಣ್ಣು ಒದ್ದೆಯಿದ್ದೂ ಬೆಳಗ್ಗೆ ಆರು ಗಂಟೆಗೆ ಜೋತುಬಿದ್ದಿದ್ದರೆ ಅದು ಬಾಯಾರಿಕೆಯಲ್ಲ. ಅದಕ್ಕೇ ತೋಟ ನೋಡುವ ಕೆಲಸ ಬೆಳಗ್ಗೆಯೇ ಆಗಬೇಕು. ಎಲೆಯಡಿಯ ಬೂಜು, ಬಿಳಿನೊಣ, ರಾತ್ರಿ ತಿಂದು ಹೋದ ಹುಳುವಿನ ಹಿಕ್ಕೆ ಕಣ್ಣಿಗೆ ಬೀಳುವುದೂ ಆಗಲೇ.

ಮೂರನೆಯದು ಎಲೆಯ ವಯಸ್ಸು. ಕೆಳಗಿನ ಹಳೆಯ ಎಲೆಯಿಂದ ಹಳದಿ ಹತ್ತಿದರೆ ಸಾರಜನಕ, ಮೆಗ್ನೀಸಿಯಂ ಕೊರತೆ, ಅಂಗಮಾರಿ ಅಥವಾ ಫ್ಯುಸೇರಿಯಂ ಸೊರಗು. ಸುಳಿಯ ಹೊಸ ಎಲೆಯಿಂದ ಶುರುವಾದರೆ ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಕೊರತೆ, ನಂಜು ರೋಗ ಅಥವಾ ನುಸಿ. ಇಷ್ಟು ನೋಡಿದರೆ ಅರ್ಧ ಕಾರಣಗಳು ಅಲ್ಲೇ ಕಳಚಿಹೋಗುತ್ತವೆ.

ಸೊರಗಿದ ಗಿಡವನ್ನು ಅಗೆದು ತೆಗೆಯಿರಿ

ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಒಂದೇ ಕುಟುಂಬದವು. ಒಂದರ ರೋಗ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತದೆ. ಈ ಕುಟುಂಬದ ಗಿಡ ಸೊರಗಿದರೆ ಕೈಯಲ್ಲಿ ಹಿಡಿದು ಎಳೆಯಬೇಡಿ. ಎಳೆದರೆ ನೋಡಬೇಕಾದ ಸಣ್ಣ ಬೇರುಗಳೆಲ್ಲ ಮಣ್ಣಲ್ಲೇ ಉಳಿದುಬಿಡುತ್ತವೆ. ಸುತ್ತ ಒಂದು ಗೇಣು ಬಿಟ್ಟು ಗುದ್ದಲಿ ಹಾಕಿ, ಮಣ್ಣಿನ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಮೆಲ್ಲಗೆ ಅದ್ದಿ ತೊಳೆಯಿರಿ. ಹಾಗೆಯೇ ಪಕ್ಕದ ಒಂದು ಒಳ್ಳೆಯ ಗಿಡವನ್ನೂ ತೆಗೆಯಿರಿ. ಒಂದು ಗಿಡ ಹೋಯಿತಲ್ಲ ಎಂದು ಮನೆಯವರು ಗೊಣಗಬಹುದು. ಆದರೆ ಪಕ್ಕದಲ್ಲಿಟ್ಟು ನೋಡಲು ಒಳ್ಳೆಯ ಬೇರು ಇಲ್ಲದಿದ್ದರೆ ಕೆಟ್ಟ ಬೇರು ಕೆಟ್ಟದ್ದೆಂದು ತಿಳಿಯುವುದೇ ಇಲ್ಲ.

ಮೊದಲು ನೋಡಬೇಕಾದ್ದು ಕಾಂಡವೂ ಮಣ್ಣೂ ಸೇರುವ ಬುಡ. ಅಲ್ಲಿ ಬಿಳಿ ಬೂಷ್ಟು ಹರಡಿ, ಅದರ ನಡುವೆ ಸಾಸಿವೆ ಕಾಳಿನ ಗಾತ್ರದ ಬಿಳಿ ಇಲ್ಲವೇ ಕಂದು ಉಂಡೆಗಳಿದ್ದರೆ ಅದು ಸ್ಕ್ಲೆರೋಷಿಯಂ ಎಂಬ ಶಿಲೀಂಧ್ರದ ಬುಡ ಕೊಳೆ. ಆ ಉಂಡೆಗಳೇ ಅದರ ಬಿತ್ತನೆ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಗಿಡದ ಜತೆ ಬುಡದ ಸುತ್ತಲಿನ ಮಣ್ಣನ್ನೂ ಎತ್ತಿ ಹೊರಹಾಕಬೇಕು. ಅರೆ ಕೊಳೆತ ಸಗಣಿ ಗೊಬ್ಬರ ಬುಡಕ್ಕೆ ತಾಗುವಂತೆ ಹಾಕಿದಲ್ಲಿ ಇದು ಚೆನ್ನಾಗಿ ಬೆಳೆಯುತ್ತದೆ. ನಾಟಿಯಾದ ವಾರದೊಳಗೆ ಸಸಿಯ ಬುಡ ನೀರಿನಲ್ಲಿ ನೆನೆದಂತಾಗಿ, ಸಣ್ಣಗಾಗಿ, ಮಗುಚಿಕೊಂಡಿದ್ದರೆ ಅದು ಸಸಿ ಕೊಳೆ ರೋಗ. ನೀರು ಹೆಚ್ಚಾದ ನರ್ಸರಿ ಮಡಿಯ ಕಾಣಿಕೆ. ಸಸಿ ಬುಡಕ್ಕೇ ಕತ್ತರಿಸಿ ಬಿದ್ದಿದ್ದರೆ ಅದು ರೋಗವಲ್ಲ, ಕತ್ತರಿ ಹುಳು. ಪಕ್ಕದ ಮಣ್ಣನ್ನು ಎರಡು ಬೆರಳಷ್ಟು ಕೆದಕಿ, ಸುರುಳಿ ಸುತ್ತಿಕೊಂಡ ಬೂದು ಬಣ್ಣದ ಹುಳು ಸಿಗುತ್ತದೆ.

ಬೇಸಿಗೆಯಲ್ಲಿ ಮಲ್ಚಿಂಗ್ ಶೀಟು ಹಾಕಿದ ತೋಟದಲ್ಲಿ ಇನ್ನೊಂದು ಕಾರಣವಿದೆ, ಇದನ್ನು ಯಾವ ಅಂಗಡಿಯೂ ಹೇಳುವುದಿಲ್ಲ. ಶೀಟಿನ ತೂತು ಚಿಕ್ಕದಾಗಿ, ಎಳೆ ಕಾಂಡ ಪ್ಲಾಸ್ಟಿಕ್ಕಿಗೆ ಒರಗಿದ್ದರೆ ಏಪ್ರಿಲ್ ಬಿಸಿಲಿಗೆ ಕಾಂಡ ಸುಟ್ಟುಹೋಗುತ್ತದೆ. ತಾಗಿದ ಕಡೆ ಮಾತ್ರ ಕಂದು ಕಲೆ, ಕೆಳಗಿನ ಬೇರು ಬೆಳ್ಳಗೆ ಗಟ್ಟಿಯಾಗಿಯೇ ಇರುತ್ತದೆ. ಇದಕ್ಕೆ ಔಷಧಿ ಹೊಡೆಯುವವರೂ ಇದ್ದಾರೆ. ಬೇಕಾದ್ದು ತೂತನ್ನು ದೊಡ್ಡದು ಮಾಡಿ ಬುಡಕ್ಕೆ ಒಂದು ಹಿಡಿ ಮಣ್ಣು ಕೊಡುವುದು.

ಬುಡ ಚೆನ್ನಾಗಿದ್ದರೆ ಬೇರು ನೋಡಿ. ಬೇರಿನುದ್ದಕ್ಕೂ ಗಂಟು ಗಂಟಾಗಿದ್ದರೆ ಜಂತುಹುಳು, ಅರ್ಥಾತ್ ಬೇರುಗಂಟು ರೋಗ. ಬರಿಗಣ್ಣಿಗೆ ಕಾಣದ ಈ ಹುಳುಗಳು ಬೇರಿನೊಳಗೆ ಸೇರಿ ನೀರು ಗೊಬ್ಬರಗಳ ದಾರಿ ಕಟ್ಟುತ್ತವೆ. ಗಿಡ ಒಮ್ಮೆಲೇ ಸಾಯುವುದಿಲ್ಲ. ಕುಳ್ಳಾಗಿ, ಬಿಳಿಚಿಕೊಂಡು, ಎಷ್ಟು ಗೊಬ್ಬರ ಕೊಟ್ಟರೂ ಏಳುವುದಿಲ್ಲ. ಪಾಲಿಹೌಸಿನಲ್ಲಿ ವರ್ಷ ವರ್ಷವೂ ದಪ್ಪ ಮೆಣಸಿನಕಾಯಿ, ಸೌತೆ ಹಾಕುವವರಿಗೆ ಇದು ದೊಡ್ಡ ತಲೆನೋವು. ಬೀನ್ಸ್, ಅಲಸಂದೆ, ಅವರೆಯ ಬೇರಿನಲ್ಲಿ ಮಾತ್ರ ಎಚ್ಚರ: ಅವುಗಳಲ್ಲಿ ಗಂಟು ಇರಲೇಬೇಕು, ಅದು ಸಾರಜನಕ ಹಿಡಿದುಕೊಡುವ ಗಂಟು. ಉಗುರಿನಿಂದ ಮೀಟಿದರೆ ಸುಲಭವಾಗಿ ಕಳಚಿ ಬಂದು ಒಳಗೆ ಗುಲಾಬಿ ಬಣ್ಣ ಕಂಡರೆ ಒಳ್ಳೆಯ ಗಂಟು. ಮೀಟಿದರೂ ಬಾರದೆ ಬೇರೇ ದಪ್ಪಗಾಗಿದ್ದರೆ ಜಂತುಹುಳು. ಇದಕ್ಕೆ ಎಲೆಗೆ ಹೊಡೆಯುವ ಔಷಧಿಯಿಂದ ಏನೂ ಆಗದು. ಬೇವಿನ ಹಿಂಡಿ, ಸಗಣಿ ಗೊಬ್ಬರದಲ್ಲಿ ಬೆರೆಸಿ ಹದ ಮಾಡಿದ ಟ್ರೈಕೋಡರ್ಮಾದಂಥ ಉಪಕಾರಿ ಶಿಲೀಂಧ್ರ, ಒಂದು ಬೆಳೆ ಚೆಂಡುಹೂವು, ಏಪ್ರಿಲ್–ಮೇ ತಿಂಗಳಲ್ಲಿ ಒದ್ದೆ ಮಣ್ಣಿನ ಮೇಲೆ ಪಾರದರ್ಶಕ ಹಾಳೆ ಹೊದಿಸಿ ನಾಲ್ಕರಿಂದ ಆರು ವಾರ ಕಾಯಿಸುವುದು, ಹೀಗೆ ಬೇರಿನ ಕಡೆಯಿಂದಲೇ ಕೆಲಸ ಆಗಬೇಕು.

ಬೇರೂ ಬೆಳ್ಳಗಿದೆ, ಬುಡವೂ ಚೆನ್ನಾಗಿದೆ, ಆದರೂ ಗಿಡ ನಿನ್ನೆ ಚೆನ್ನಾಗಿದ್ದದ್ದು ಇವತ್ತು ಹಸಿರಾಗಿಯೇ ಜೋತುಬಿದ್ದಿದೆ. ಆಗ ಲೋಟ ತೆಗೆದುಕೊಳ್ಳಿ. ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ ನೆಲದ ಮೇಲೆ ಅಲುಗದಂತೆ ಇಡಿ. ಬುಡದಿಂದ ಸ್ವಲ್ಪ ಮೇಲಕ್ಕೆ ಕಾಂಡವನ್ನು ಹರಿತವಾದ ಚಾಕುವಿನಿಂದ ನುಣುಪಾಗಿ ಕತ್ತರಿಸಿ, ಎರಡು ಮೂರು ಅಂಗುಲದ ತುಂಡು ತೆಗೆಯಿರಿ. ಕತ್ತರಿಸಿದ ತುದಿ ನೀರಿಗೆ ಮುಟ್ಟುವಷ್ಟು ಮಾತ್ರ ಇಳಿಬಿಟ್ಟು ಕೈ ಅಲುಗಿಸದೆ ಹಿಡಿಯಿರಿ, ಅಥವಾ ಕಾಂಡಕ್ಕೆ ಪಿನ್ನು ಚುಚ್ಚಿ ಲೋಟದ ಬಾಯಿಗೆ ತಗುಲಿಹಾಕಿ. ಬೆಳಕಿಗೆ ಎದುರಾಗಿ ನೋಡುತ್ತಿರಿ. ಕೆಲವೇ ನಿಮಿಷಗಳಲ್ಲಿ ತುದಿಯಿಂದ ಬೆಳ್ಳನೆಯ ತೆಳು ಎಳೆಗಳು ಸದ್ದಿಲ್ಲದೆ ಕೆಳಕ್ಕೆ ಇಳಿಯತೊಡಗಿದರೆ ಅನುಮಾನ ಬೇಡ, ಅದು ದುಂಡಾಣು ಸೊರಗು ರೋಗ. ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ ಲಕ್ಷಗಟ್ಟಲೆ ಕಾಂಡದ ನೀರ್ನಾಳದಿಂದ ಹೊರಗೆ ಹರಿಯುತ್ತಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಲೋಟದ ನೀರೆಲ್ಲ ಕದಡುತ್ತದೆ. ಪ್ರಯೋಗಾಲಯಕ್ಕೆ ಹೋದರೂ ಅವರು ಮೊದಲು ಮಾಡುವ ಪರೀಕ್ಷೆ ಇದೇ. ಹತ್ತು ನಿಮಿಷದ ಕೆಲಸ, ಖರ್ಚು ಸೊನ್ನೆ. ಆದರೂ ಇದನ್ನು ಮಾಡಿ ನೋಡುವವರು ಏಕೆ ಇಷ್ಟು ಕಡಿಮೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಎಳೆ ಇಳಿಯದಿದ್ದರೆ ಅದೇ ಕಾಂಡವನ್ನು ಓರೆಯಾಗಿ ಸೀಳಿ. ಸಿಪ್ಪೆಯ ಕೆಳಗೆ ಉದ್ದಕ್ಕೆ ಕಂದು ಗೆರೆ ಓಡಿದ್ದು, ಕೆಳಗಿನ ಎಲೆಗಳು ಗಿಡದ ಒಂದೇ ಪಕ್ಕದಲ್ಲಿ ಹಳದಿಯಾಗುತ್ತ ಬಂದಿದ್ದರೆ ಅದು ಫ್ಯುಸೇರಿಯಂ ಶಿಲೀಂಧ್ರದ ಸೊರಗು. ಬ್ಯಾಕ್ಟೀರಿಯಾ ಗಿಡವನ್ನು ಹಸಿರಾಗಿರುವಾಗಲೇ ಕೆಲವು ದಿನಗಳಲ್ಲಿ ಮುಗಿಸುತ್ತದೆ. ಶಿಲೀಂಧ್ರ ಹಳದಿ ಮಾಡಿ, ವಾರಗಟ್ಟಲೆ ಸತಾಯಿಸಿ ಕೊಲ್ಲುತ್ತದೆ.

ಈ ವ್ಯತ್ಯಾಸ ಯಾಕೆ ಮುಖ್ಯ? ದುಂಡಾಣು ಸೊರಗಿಗೆ ಸಿಕ್ಕ ಗಿಡವನ್ನು ಉಳಿಸುವ ಔಷಧಿ ಇಲ್ಲ. ಹಿಂದೆ ಹೊಡೆಯುತ್ತಿದ್ದ ಸ್ಟ್ರೆಪ್ಟೊಮೈಸಿನ್–ಟೆಟ್ರಾಸೈಕ್ಲಿನ್ ಮಿಶ್ರಣವನ್ನು ಕೃಷಿಯಲ್ಲಿ ಬಳಸುವುದನ್ನು ಕೇಂದ್ರ ಸರ್ಕಾರ 2024ರ ಜನವರಿ 1ರಿಂದ ಪೂರ್ತಿ ನಿಷೇಧಿಸಿದೆ. ಯಾರಾದರೂ ಹಳೆಯ ಪೊಟ್ಟಣ ಕೈಗಿಟ್ಟರೆ ತೆಗೆದುಕೊಳ್ಳಬೇಡಿ. ಗಿಡವನ್ನು ಬೇರು, ಮಣ್ಣಿನ ಸಮೇತ ತೆಗೆದು ಸುಟ್ಟು, ಗುಳಿಗೆ ಬ್ಲೀಚಿಂಗ್ ಪುಡಿ ಹಾಕಿ ಮುಚ್ಚಿ. ಆ ಗುಳಿಯ ನೀರು ಮುಂದಿನ ಸಾಲಿಗೆ ಹರಿಯದಂತೆ ನೋಡಿಕೊಳ್ಳಿ. ಆ ಜಾಗದಲ್ಲಿ ಮುಂದೆ ಬದನೆ, ಮೆಣಸು, ಆಲೂಗಡ್ಡೆ ಬೇಡ. ರಾಗಿಯೋ ಮುಸುಕಿನ ಜೋಳವೋ ಹಾಕಿ. ಟೊಮೆಟೊ ಬೇಕೇ ಬೇಕೆಂದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಇದೆ. ಎಲೆ ಮುಟುರು, ದುಂಡಾಣು ಸೊರಗು, ಮೊದಲ ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ತಳಿ ಅದು. ಅದೇ ಸಂಸ್ಥೆಯ ಅರ್ಕಾ ಅಭೇದ್ ಕೊನೆಯ ಅಂಗಮಾರಿಯನ್ನೂ ತಡೆಯುತ್ತದೆ. ಬದನೆ ಜಾತಿಯ ಬೇರಿಗೆ ಕಸಿ ಕಟ್ಟಿದ ಟೊಮೆಟೊ ಸಸಿಯೂ ಒಂದು ದಾರಿ. ಬೆಲೆ ಹೆಚ್ಚು, ಆದರೆ ಸೊರಗು ಹತ್ತಿದ ನೆಲದಲ್ಲಿ ಆ ದುಡ್ಡು ದಂಡವಲ್ಲ.

ಎಲೆ ಮುದುಡಿದರೆಲ್ಲ ಬಿಂಗಿಯಲ್ಲ

ಟೊಮೆಟೊ ಎಲೆ ಮುದುಡಿದರೆ ಇಲ್ಲಿ ಎಲ್ಲರ ಬಾಯಲ್ಲೂ ಬರುವುದು ಬಿಂಗಿ ರೋಗ, ಮುಟುರು ರೋಗ. ಅಸಲಿ ಮುಟುರು ರೋಗ ನಂಜಿನಿಂದ ಬರುವುದು, ಹರಡುವುದು ಬಿಳಿನೊಣ. ಎಲೆ ಚಿಕ್ಕದಾಗಿ, ಅಂಚು ಹಳದಿಯಾಗಿ ಮೇಲಕ್ಕೆ ಮಡಿಚಿ, ಗೆಣ್ಣುಗಳ ನಡುವಿನ ಅಂತರ ಕಡಿಮೆಯಾಗಿ ಗಿಡ ಪೊದೆಯಾಗುತ್ತದೆ. ಹೂ ಬಿಟ್ಟರೂ ಕಾಯಿ ಕಚ್ಚುವುದಿಲ್ಲ. ನಂಜು ಒಳಗೆ ಹೊಕ್ಕ ಮೇಲೆ ಲಕ್ಷಣ ತೋರಲು ಎರಡು ಮೂರು ವಾರ ಬೇಕು. ಹಾಗಾಗಿ ನಾಟಿ ಮಾಡಿದ ಎರಡೇ ವಾರಕ್ಕೆ ಮುಟುರು ಕಂಡರೆ ನಿಮ್ಮ ತೋಟದಲ್ಲಿ ತಗುಲಿದ್ದಲ್ಲ, ನರ್ಸರಿಯಿಂದಲೇ ತಂದದ್ದು. ಸಸಿ ಕೊಳ್ಳುವಾಗ ಬೆಲೆ ಕೇಳುವ ಮುನ್ನ ಪರದೆ ನೋಡಿ. ಬಿಳಿನೊಣ ನುಸುಳದಷ್ಟು ಸಣ್ಣ ಕಣ್ಣಿನ ನೈಲಾನ್ ಪರದೆ ಹರಿದಿದ್ದರೆ, ಬಾಗಿಲು ತೆರೆದೇ ಬಿದ್ದಿದ್ದರೆ ಅಲ್ಲಿಂದ ಹೊರಡಿ. ಟ್ರೇಯಲ್ಲಿನ ಸಸಿಯ ಮೇಲೆ ಕೈ ಆಡಿಸಿ. ಬಿಳಿಯ ಪುಡಿಯಂಥದ್ದು ಎದ್ದು ಹಾರಿದರೆ ಆ ಟ್ರೇ ಬೇಡ.

ನಂಜು ಹತ್ತಿದ ಗಿಡ ಮತ್ತೆ ಸರಿಹೋಗದು. ಮೊದಲ ತಿಂಗಳಲ್ಲಿ ಕಂಡ ಒಂದೊಂದು ಗಿಡವನ್ನೂ ಕಿತ್ತು ಹೂಳುವುದೇ ಉಳಿದ ತೋಟಕ್ಕೆ ರಕ್ಷೆ. ನಾಟಿಗೆ ಮೊದಲೇ ಸುತ್ತ ಎರಡು ಮೂರು ಸಾಲು ಮುಸುಕಿನ ಜೋಳ ಎದ್ದು ನಿಂತಿದ್ದರೆ ಬಿಳಿನೊಣಕ್ಕೆ ತಡೆಯಾಗುತ್ತದೆ. ಅಂಟು ಹಳದಿ ಹಾಳೆ ನೇತುಹಾಕುವುದು ನೊಣ ಕೊಲ್ಲುವುದಕ್ಕಿಂತ ಅದು ಬಂದದ್ದು ಗೊತ್ತಾಗಲು ಉಪಯೋಗ.

ಇನ್ನು ಬಿಂಗಿ ಅಲ್ಲದ್ದು. ಪಕ್ಕದ ಹೊಲದಲ್ಲಿ ರಾಗಿ ಇದೆಯೇ? ರಾಗಿಯಲ್ಲಿ ಅಗಲ ಎಲೆಯ ಕಳೆ ಕೊಲ್ಲಲು 2,4-ಡಿ ಹೊಡೆಯುತ್ತಾರೆ. ಟೊಮೆಟೊ ಅದಕ್ಕೆ ಎಷ್ಟು ಸೂಕ್ಷ್ಮವೆಂದರೆ ಗಾಳಿಯಲ್ಲಿ ತೇಲಿಬಂದ ಹನಿಯೂ ಸಾಕು. ಕಳೆನಾಶಕ ಹೊಡೆದ ಸ್ಪ್ರೇಯರನ್ನು ಸರಿಯಾಗಿ ತೊಳೆಯದೆ ಟೊಮೆಟೊಗೆ ಬಳಸಿದರೂ ಸಾಕು. ಹೊಸ ಎಲೆ ಸಣ್ಣ ಪಟ್ಟಿಯಂತಾಗಿ ನರಗಳು ಒತ್ತೊತ್ತಾಗಿ ಸೇರುತ್ತವೆ, ತೊಟ್ಟು ಕೆಳಕ್ಕೆ ತಿರುಚಿಕೊಳ್ಳುತ್ತದೆ. ಮುಟುರು ರೋಗದಂತೆ ಅಲ್ಲೊಂದು ಇಲ್ಲೊಂದು ಬರುವುದಿಲ್ಲ, ಗಾಳಿ ಬೀಸಿದ ಕಡೆಯ ಸಾಲುಗಳಲ್ಲಿ ಒಂದೇ ಸಲಕ್ಕೆ ಕಾಣುತ್ತದೆ. ಪೆಟ್ಟು ಹಗುರವಾಗಿದ್ದರೆ ನೀರು ಕೊಟ್ಟು ಕಾದರೆ ಹೊಸ ಚಿಗುರು ಸರಿಯಾಗಿಯೇ ಬರಬಹುದು. ಕಳೆನಾಶಕಕ್ಕೆ ಬೇರೆ ಸ್ಪ್ರೇಯರೇ ಇರಲಿ. ಅಕ್ಕಪಕ್ಕದವರ ಜತೆ ಜಗಳಕ್ಕೆ ಬೀಳುವುದಕ್ಕಿಂತ, ಹೊಡೆಯುವ ದಿನ ಗಾಳಿ ನೋಡಿಕೊಂಡು ಹೊಡೆಯಿರೆಂದು ಮೊದಲೇ ಹೇಳಿಡುವುದು ವಾಸಿ.

ಬೇಸಿಗೆಯ ಬಿಸಿಲಿಗೆ ಟೊಮೆಟೊದ ಕೆಳಗಿನ ಎಲೆಗಳು ಮೇಲಕ್ಕೆ ಸುತ್ತಿಕೊಂಡು ದಪ್ಪಗಾಗುವುದೂ ಉಂಟು. ಸುಳಿ ಹಸಿರಾಗಿದ್ದು ಕಾಯಿ ಕಚ್ಚುತ್ತಿದ್ದರೆ ಅದಕ್ಕೆ ಏನೂ ಮಾಡಬೇಕಿಲ್ಲ. ಮೆಣಸಿನ ಗಿಡದಲ್ಲಿ ಎಲೆಯ ಅಂಚು ಮೇಲಕ್ಕೆ ಮಡಿಚಿದರೆ ಥ್ರಿಪ್ಸ್ ನುಸಿ. ಕೆಳಕ್ಕೆ ಮಡಿಚಿ, ತೊಟ್ಟು ಉದ್ದವಾದರೆ ಮೈಟ್ ನುಸಿ. ಇಲ್ಲಿ ಬಿಳಿ ಕಾಗದ ಬೇಕು: ಸುಳಿಯನ್ನೋ ಹೂವನ್ನೋ ಕಾಗದದ ಮೇಲೆ ತಟ್ಟಿ. ಸಣ್ಣ ಗೆರೆಯಷ್ಟು ಉದ್ದದ ಕೀಟಗಳು ಚುರುಕಾಗಿ ಓಡಿದರೆ ಥ್ರಿಪ್ಸ್. ಮೈಟ್ ಬರಿಗಣ್ಣಿಗೆ ಕಾಣುವುದು ಕಷ್ಟ, ಭೂತಗನ್ನಡಿ ಬೇಕು. ಮೈಟು ಕೀಟವಲ್ಲ, ಜೇಡದ ಸಂಬಂಧಿ. ಬರೀ ಕೀಟನಾಶಕ ಹೊಡೆದು ಅದರ ಶತ್ರುಗಳನ್ನೆಲ್ಲ ಕೊಂದರೆ ಅದು ಇನ್ನೂ ಹೆಚ್ಚುತ್ತದೆ. ಗಂಧಕದಂಥ ನುಸಿನಾಶಕವೇ ಆಗಬೇಕು.

ಥ್ರಿಪ್ಸ್ ಟೊಮೆಟೊಗೆ ಬಂದರೆ ಇನ್ನೊಂದು ನಂಜನ್ನು ತರುತ್ತದೆ. ಎಳೆ ಎಲೆ ಕಂಚಿನ ಬಣ್ಣಕ್ಕೆ ತಿರುಗಿ, ಸುಳಿ ಸುಟ್ಟಂತೆ ಸತ್ತು, ಹಣ್ಣಿನ ಮೇಲೆ ಹಳದಿ ಉಂಗುರಗಳು ಮೂಡುತ್ತವೆ. ಶೇಂಗಾ ಬೆಳೆಯ ಸುಳಿ ಸಾಯಿಸುವ ನಂಜೇ ಇದು. ಬದುವಿನ ಪಾರ್ಥೇನಿಯಂ ಕಳೆ ಈ ನಂಜಿಗೆ ಆಶ್ರಯ.

ಮೋಡ ಕವಿದ ವಾರ

ಅಂಗಮಾರಿ ಎಂದು ಒಂದೇ ಹೆಸರಿನಲ್ಲಿ ಕರೆಯುವುದು ಎರಡು ರೋಗಗಳನ್ನು. ಕೆಳಗಿನ ಹಳೆಯ ಎಲೆಯಲ್ಲಿ ಕಂದು ಚುಕ್ಕೆ, ಚುಕ್ಕೆಯೊಳಗೆ ಒಂದರೊಳಗೊಂದು ಉಂಗುರ, ಸುತ್ತ ಹಳದಿ ಇದ್ದರೆ ಮೊದಲ ಅಂಗಮಾರಿ. ಇದು ನಿಧಾನದ್ದು. ಕೆಳಗಿನ ಎಲೆ ಕಿತ್ತು, ಗಿಡಕ್ಕೆ ಕೋಲು ಕಟ್ಟಿ ಗಾಳಿಯಾಡಲು ಬಿಟ್ಟು, ಮ್ಯಾಂಕೋಜೆಬ್‌ನಂಥದ್ದನ್ನು ಹೊಡೆದರೆ ಹಿಡಿತಕ್ಕೆ ಬರುತ್ತದೆ.

ಕೊನೆಯ ಅಂಗಮಾರಿ ಹಾಗಲ್ಲ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಹೊಲಗಳನ್ನು ಕೊಳೆಸಿ ಬರಗಾಲ ತಂದದ್ದು ಇದೇ. ಚಳಿಗಾಲದಲ್ಲಿ ಮೂರು ನಾಲ್ಕು ದಿನ ಮೋಡ, ತುಂತುರು, ಬೆಳಗಿನ ಮಂಜು ಸೇರಿದರೆ ಮಾಲೂರು, ಕೋಲಾರದ ಆಲೂಗಡ್ಡೆ, ಟೊಮೆಟೊ ಎರಡಕ್ಕೂ ಬೀಳುತ್ತದೆ. ಎಲೆಯ ಅಂಚಿನಲ್ಲಿ ಬಿಸಿನೀರು ಬಿದ್ದಂಥ ಕಡುಹಸಿರು ಮಚ್ಚೆ, ಮರುದಿನ ಅದು ಕಪ್ಪು. ಬೆಳಗ್ಗೆ ಎಲೆ ಮಗುಚಿದರೆ ಮಚ್ಚೆಯ ಅಂಚಿನಲ್ಲಿ ತೆಳು ಬಿಳಿ ಬೂಜು. ಕಾಂಡ ಕಪ್ಪಾಗುತ್ತದೆ, ಕಾಯಿ ಗಟ್ಟಿಯಾಗಿಯೇ ಕಂದು ಬಣ್ಣಕ್ಕೆ ತಿರುಗುತ್ತದೆ. ಒಂದು ವಾರ ಮೈಮರೆತರೆ ತೋಟ ಸುಟ್ಟ ಹಾಗೆ. ಇಲ್ಲಿ ಮ್ಯಾಂಕೋಜೆಬ್ ಒಂದೇ ಆದರೆ ರೋಗ ಬರುವ ಮೊದಲು ಮಾತ್ರ ಕೆಲಸಕ್ಕೆ ಬರುತ್ತದೆ. ಬಂದ ಮೇಲೆ ಮೆಟಲಾಕ್ಸಿಲ್ ಅಥವಾ ಸೈಮೋಕ್ಸಾನಿಲ್ ಸೇರಿದ ಮಿಶ್ರಣ ಬೇಕು, ಮತ್ತು ಅದು ಎಲೆಯ ಕೆಳಭಾಗಕ್ಕೂ ತಾಗಬೇಕು. ಹುಳುವಿನ ಔಷಧಿ ಹೊಡೆದರೆ ಇದಕ್ಕೆ ಏನೂ ಆಗದು. ಮೊದಲ ಎರಡು ಅಮೂಲ್ಯ ದಿನಗಳು ಹಾಳಾಗುವುದು ಹಾಗೆಯೇ.

ಕಾಯಿಯ ತೂತು

2014ರಲ್ಲಿ ಮಹಾರಾಷ್ಟ್ರದಲ್ಲಿ ಮೊದಲು ಕಂಡು, ಬೇಗನೆ ಕರ್ನಾಟಕಕ್ಕೂ ಬಂದ ದಕ್ಷಿಣ ಅಮೆರಿಕದ ಟ್ಯೂಟಾ ಪತಂಗ ಈ ಭಾಗದಲ್ಲಿ ಊಜಿ ಎಂದೇ ಹೆಸರಾಗಿದೆ. ಕಾಯಿಯ ತೊಟ್ಟಿನಡಿ ಸೂಜಿ ಚುಚ್ಚಿದಷ್ಟು ಸಣ್ಣ ತೂತು ಇದರ ಗುರುತು. ಮಂಡಿಯಲ್ಲಿ ಬಾಕ್ಸಿಗೆ ಬಾಕ್ಸೇ ತಿರಸ್ಕಾರವಾಗಲು ಅಷ್ಟು ಸಾಕು. ಕಾಯಿಗಿಂತ ಮೊದಲು ಎಲೆಯಲ್ಲಿ ಸುಳಿವು ಕೊಡುತ್ತದೆ. ರಂಗೋಲಿ ಹುಳು ಎಲೆಯೊಳಗೆ ಸಣ್ಣ, ಉದ್ದ, ಅಂಕುಡೊಂಕು ಗೆರೆ ಎಳೆದರೆ ಟ್ಯೂಟಾ ಅಗಲವಾದ ಮಚ್ಚೆ ಕೊರೆಯುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಆ ಮಚ್ಚೆಯೊಳಗೆ ಕಪ್ಪು ಹಿಕ್ಕೆ, ಅದೃಷ್ಟವಿದ್ದರೆ ಹುಳುವೂ ಕಾಣುತ್ತದೆ. ರಂಗೋಲಿ ಹುಳುವಿಗೆ ಹೆದರಬೇಕಿಲ್ಲ, ದೊಡ್ಡ ಗಿಡ ತಡೆದುಕೊಳ್ಳುತ್ತದೆ. ಟ್ಯೂಟಾ ಕಂಡರೆ ಅಂದೇ ಆ ಎಲೆ ಕಿತ್ತು ಸುಟ್ಟು, ಲಿಂಗಾಕರ್ಷಕ ಬಲೆ ಹಾಕಿ. ಬೆಲೆ ಬಿದ್ದಾಗ ಬದುವಿನಲ್ಲೋ ರಸ್ತೆ ಪಕ್ಕದಲ್ಲೋ ಸುರಿಯುವ ಹಣ್ಣಿನ ರಾಶಿಯೇ ಈ ಪತಂಗದ ದೊಡ್ಡ ತವರು. ಸಿಟ್ಟು ಅರ್ಥವಾಗುವಂಥದ್ದೇ, ಆದರೆ ಆ ರಾಶಿಯ ಹುಳು ಹಾರಿಬರುವುದು ಊರಿನವರದೇ ತೋಟಕ್ಕೆ. ಆಳವಾಗಿ ಹೂಳಿ.

ತೂತು ಬೆರಳು ಹೋಗುವಷ್ಟು ದೊಡ್ಡದಾಗಿದ್ದು, ಹುಳು ಅರ್ಧ ಮೈ ಹೊರಗಿಟ್ಟು ತಿನ್ನುತ್ತಿದ್ದರೆ ಅದು ಹಳೆಯ ಕಾಯಿಕೊರಕ. ಇದಕ್ಕೆ ಹೆಸರಘಟ್ಟದವರು ಹೇಳಿಕೊಟ್ಟ ಉಪಾಯ, 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂವು. 40 ದಿನದ ಚೆಂಡುಹೂವಿನ ಸಸಿ, 25 ದಿನದ ಟೊಮೆಟೊ ಸಸಿ ಒಟ್ಟಿಗೆ ನಾಟಿ. ಪತಂಗ ಹೂವಿಗೆ ಹೋಗಿ ಮೊಟ್ಟೆ ಇಡುತ್ತದೆ.

ತೂತಿಲ್ಲ, ಹುಳುವಿಲ್ಲ, ಕಾಯಿಯ ತುದಿ ಮಾತ್ರ ಕಪ್ಪಗೆ ಒಳಸರಿದಿದ್ದರೆ ಅದು ರೋಗವೇ ಅಲ್ಲ. ಒಂದು ದಿನ ಹೆಚ್ಚು, ನಾಲ್ಕು ದಿನ ಇಲ್ಲ ಎನ್ನುವಂತೆ ನೀರು ಕೊಟ್ಟಾಗ ಕಾಯಿಗೆ ಕ್ಯಾಲ್ಸಿಯಂ ಸಿಗದೆ ಆಗುವ ತುದಿ ಕೊಳೆ. ಕರೆಂಟು ಬಂದಾಗ ಬಿಡುವ ನೀರಿನ ಊರುಗಳಲ್ಲಿ ಇದು ಸಾಮಾನ್ಯ.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಕೋಸಿನ ಎಲೆಯ ಅಂಚಿನಿಂದ ಒಳಕ್ಕೆ ಮೂರು ಮೂಲೆಯ ಹಳದಿ ಮಚ್ಚೆ, ನರಗಳು ಕಪ್ಪು, ಇದು ಬ್ಯಾಕ್ಟೀರಿಯಾದ ಕಪ್ಪು ಕೊಳೆ, ಬೀಜದಿಂದ ಬರುತ್ತದೆ. ಬದನೆಯ ಸುಳಿ ಬಾಡಿ ಬಾಗಿದ್ದರೆ ಮುರಿದು ಸೀಳಿ ನೋಡಿ, ಒಳಗೆ ಕೊರಕ ಇರುತ್ತದೆ. ಬಾಡಿದ ಸುಳಿಗಳನ್ನು ವಾರಕ್ಕೊಮ್ಮೆ ಮುರಿದು ಸುಟ್ಟರೆ ಅರ್ಧ ಕೆಲಸ ಮುಗಿದಂತೆ. ಬದನೆ ಎಲೆ ಗೊಂಚಲಾಗಿ ಸಣ್ಣಗಾಗಿದ್ದರೆ ಗಿಡ ಕಿತ್ತುಬಿಡಿ, ಅದು ಕಾಯಿ ಬಿಡುವುದಿಲ್ಲ. ಹಾಗಲ, ಹೀರೆಯ ಕಾಯಿ ಎಳೆಯದರಲ್ಲೇ ಸೊಟ್ಟಗಾಗಿ ಕೊಳೆತರೆ ಹಣ್ಣಿನ ನೊಣ. ಬೆಂಡೆಯ ನರಗಳು ಹಳದಿಯಾದರೆ ಮತ್ತೆ ಬಿಳಿನೊಣ ತಂದ ನಂಜು.

ಟಮಕಕ್ಕೆ ಏನು ಒಯ್ಯಬೇಕು

ಇಷ್ಟೆಲ್ಲ ನೋಡಿದರೂ ತಿಳಿಯದಿದ್ದರೆ ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ತೋಟಗಾರಿಕೆ ಮಹಾವಿದ್ಯಾಲಯವಿದೆ. ಎರಡೂ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದವು. ಪ್ರತಿ ತಾಲ್ಲೂಕಿನಲ್ಲೂ ತೋಟಗಾರಿಕೆ ಇಲಾಖೆಯ ಕಚೇರಿ ಇದೆ. ಅಲ್ಲಿಗೂ ಎಲೆ ಒಯ್ದರೆ ಅಂಗಡಿಯ ಕತೆಯೇ. ಪೂರ್ತಿ ಸತ್ತು ಒಣಗಿದ ಗಿಡ ಬೇಡ, ಅದರ ಮೇಲೆ ಬೇರೆ ಬೂಷ್ಟುಗಳು ಬೆಳೆದು ದಾರಿ ತಪ್ಪಿಸುತ್ತವೆ. ಈಗಷ್ಟೇ ಬಾಡಲು ಶುರುವಾದ ಗಿಡ ಒಂದು, ಅರ್ಧ ಹೋದದ್ದು ಒಂದು, ಚೆನ್ನಾಗಿರುವುದು ಒಂದು, ಮೂರನ್ನೂ ಬೇರು ಮಣ್ಣಿನ ಸಮೇತ ಅಗೆದು, ಒದ್ದೆ ಮಾಡದೆ ಪೇಪರಿನಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಿಸಿಲಲ್ಲಿ ಬೈಕಿಗೆ ನೇತುಹಾಕಿದರೆ ಟಮಕ ಮುಟ್ಟುವಷ್ಟರಲ್ಲಿ ಬೆಂದು ಹೋಗುತ್ತದೆ. ಯಾವ ತಳಿ, ನಾಟಿ ಎಂದು, ಹಿಂದಿನ ಬೆಳೆ ಏನು, ಈವರೆಗೆ ಏನೇನು ಹೊಡೆದಿರಿ, ಈ ನಾಲ್ಕನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಕಳಿಸುವವರು ಎಲೆಯ ಒಂದೇ ಫೋಟೊ ಕಳಿಸದೆ, ತೋಟದ್ದೊಂದು, ಇಡೀ ಗಿಡದ್ದೊಂದು, ತೊಳೆದ ಬೇರಿನದೊಂದು, ಎಲೆಯ ಅಡಿಭಾಗದ್ದೊಂದು ಕಳಿಸಿ.

ಕೊನೆಗೆ ಔಷಧಿ ಕೊಳ್ಳಲೇಬೇಕಾದರೆ ಬಿಲ್ಲು ಪಡೆಯಿರಿ, ಡಬ್ಬಿಯ ಮೇಲೆ ನಿಮ್ಮ ಬೆಳೆಯ ಹೆಸರು ಇದೆಯೇ ಎಂದು ಓದಿ, ಹೊಡೆದ ಮೇಲೆ ಎಷ್ಟು ದಿನ ಕೊಯ್ಯಬಾರದು ಎಂಬುದನ್ನೂ ಓದಿ. ಮೊನೊಕ್ರೊಟೊಫಾಸ್ ತರಕಾರಿಗೆ ನಿಷೇಧವಾಗಿ ವರ್ಷಗಳೇ ಆದವು; ಯಾರು ಕೊಟ್ಟರೂ ಬೇಡವೆನ್ನಿ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಉಚಿತ, ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಕನ್ನಡದಲ್ಲೇ ಮಾತಾಡುತ್ತಾರೆ. ಕರೆ ಮಾಡುವ ಮುನ್ನ ಗಿಡವನ್ನು ಅಗೆದು, ಬೇರು ತೊಳೆದು, ಲೋಟದ ಪರೀಕ್ಷೆ ಮುಗಿಸಿಕೊಂಡು ಕುಳಿತಿರಿ.